ಒನಕೆಗೂ ಹಸಿರು

ಸಿಮ್‌ಚೌರ್, ಬೈಶಾಖ 3

ಮಿತಿನಿಜ್ಯೂಗೆ ಧನಸರಾಳ ನಮಸ್ಕಾರ.

ಫೋನಿನ ಟವರು ಸತ್ತಿದೆ. ರಿಪೇರಿಯವನು ನೇಪಾಲ್‌ಗಂಜ್‌ನಲ್ಲಿ ಲಾಕ್‌ಡೌನಿಗೆ ಸಿಕ್ಕಿಬಿದ್ದಿದ್ದಾನಂತೆ. ಬೆಳಿಗ್ಗೆ ಅಂಗಳಕ್ಕೆ ಬಂದರೆ ಹೊಳೆಯಾಚೆ ನಿಮ್ಮ ಮನೆಯ ಹೊಗೆ ಕಾಣುತ್ತದೆ. ನೀವು ಸೊಸೆಯನ್ನು ಬೈಯುತ್ತಾ ಕೈ ಬೀಸುವುದೂ ಕಾಣುತ್ತದೆ. ಬೈಗುಳ ಮಾತ್ರ ಕೇಳಿಸುವುದಿಲ್ಲ. ಅರ್ಧ ಸುಖ ಹೋಯಿತು. ತೂಗುಸೇತುವೆಯ ಆ ತುದಿಗೆ ನಿಮ್ಮೂರಿನವರು ಮುಳ್ಳು ಹಾಕಿದರು, ಈ ತುದಿಗೆ ನಮ್ಮವರು. ಇನ್ನು ಕೊರೊನಾ ಬಂದರೂ ಕುಂಟುತ್ತಾ ಬರಬೇಕು. ಅದಕ್ಕೇ ಈ ಕಾಗದ. ಸೇತುವೆ ಕಾಯುವ ಲಾಲ್‌ಬೀರ್ ಇದನ್ನು ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ ಆಚೆಗೆ ಎಳೆಸುತ್ತಾನಂತೆ.

ನಮ್ಮಂಥ ಆರೋಗ್ಯ ಸ್ವಯಂಸೇವಿಕೆಯರಿಗೆ ಬಂದ ಹುಕುಂ ನೋಡಿದಿರಲ್ಲ? ತಾಯಂದಿರ ಸಭೆ ಮಾಡಬಾರದು, ಮಗುವನ್ನು ತೂಗಬಾರದು, ಮುಟ್ಟಬಾರದು, ತೋಳಿನ ಅಳತೆ ಮಾತ್ರ ತಪ್ಪಿಸಬಾರದು. ಮುಟ್ಟದೆ ಅಳೆಯಲು ನಾನೇನು ದೇವರೇ? ಅಳತೆಪಟ್ಟಿಯನ್ನು ಕೋಲಿಗೆ ಸಿಕ್ಕಿಸಿ ಬೇಲಿಯಾಚೆ ಚಾಚುತ್ತೇನೆ. ತಾಯಿ ತಾನೇ ಮಗುವಿನ ತೋಳಿಗೆ ಸುತ್ತಿ ಬಣ್ಣ ಕೂಗುತ್ತಾಳೆ. ಹಸಿರಾದರೆ ಕ್ಷೇಮ, ಹಳದಿಯಾದರೆ ಜೋಪಾನ, ಕೆಂಪಾದರೆ ಮಗು ಸೊರಗಿ ಹೋಗಿದೆ ಅಂತ ಈಗ ಊರಿಗೆಲ್ಲ ಗೊತ್ತು. ಮೊನ್ನೆ ಒಬ್ಬ ಮುದುಕ ತನ್ನ ತೋಳಿಗೇ ಸುತ್ತಿಕೊಳ್ಳಲು ಹೋದ. ಪಟ್ಟಿ ಸಾಲಲಿಲ್ಲ. "ನಾನ್ಯಾವ ಬಣ್ಣ?" ಅಂದ. "ನೀನು ಬಣ್ಣ ಮೀರಿದೋನು ಬಾಜೇ" ಅಂದೆ.

ನಿಮ್ಮ ಪಟ್ಟಿಯನ್ನು ಆಡು ತಿಂದಿತು ಅಂತ ಕೇಳಿದೆ. ನನ್ನದನ್ನು ಕಳಿಸಿದ್ದೇನೆ. ಇರುವುದು ಇದೊಂದೇ, ಕೆಲಸ ಮುಗಿದ ಮೇಲೆ ವಾಪಸು ಕಳಿಸಿ.

ಮೊದಲು ಐಸರಾಳ ಮನೆಗೆ ಹೋಗಿ. ನನ್ನ ಮಗಳನ್ನು ನಿಮ್ಮೂರಿಗೆ ಕೊಟ್ಟಾಗ ಸೇತುವೆಗೆ ಮುಳ್ಳಿರಲಿಲ್ಲ ಮಿತಿನಿಜ್ಯೂ. ಅಳಿಯ ಹಿಮಾಚಲದ ಸೇಬಿನ ತೋಟದಲ್ಲಿ ಸಿಕ್ಕಿಕೊಂಡಿದ್ದಾನೆ. ಬೀಗಿತ್ತಿಯ ಕೈ ಎಷ್ಟು ಬಿಗಿ ಅಂತ ನಿಮಗೇ ಗೊತ್ತು, ಉಪ್ಪಿನ ಹರಳನ್ನೂ ಎಣಿಸಿ ಹಾಕುವವರು. ಕೊಪಿಲಾಳನ್ನು ನಾನು ಕೊನೆಯ ಸಲ ಅಳೆದಾಗ ಹಳದಿ ಇದ್ದಳು, ಅದೂ ಕೆಂಪಿಗೆ ತಾಗಿದ ಹಳದಿ. ಮೊಮ್ಮಗಳ ಬಣ್ಣ ಬರೆದು ಕಳಿಸಿ. ಬೇರೇನೂ ಬರೆಯದಿದ್ದರೂ ಸರಿ.

ನಿಮ್ಮ ಮಿತಿನಿ ಧನಸರಾ


ರಾತಾಮಾಟಾ, ಬೈಶಾಖ 10

ಮಿತಿನಿಜ್ಯೂಗೆ ಕಾಶಿಕಲಾಳ ನಮಸ್ಕಾರ.

ಮೊದಲನೆಯದಾಗಿ, ನಾನು ಸೊಸೆಯನ್ನು ಬೈಯುತ್ತಿರಲಿಲ್ಲ, ಕೋಳಿ ಓಡಿಸುತ್ತಿದ್ದೆ. ಎರಡನೆಯದಾಗಿ, ನಾವು ದೇವಿಯ ಮುಂದೆ ಹಣೆಗೆ ಟೀಕಾ ಇಟ್ಟುಕೊಂಡು ಮಿತಿನಿಯರಾದವರು, ಒಡಹುಟ್ಟಿದವರಿಗಿಂತ ಹೆಚ್ಚು. ಮಿತಿನಿ ಮಿತಿನಿಗೆ ಮರ್ಯಾದೆಯಿಂದ ಬರೆಯಬೇಕು. ನಿಮ್ಮ ಕಾಗದದಲ್ಲಿ 'ನೀವು' ಇದೆ, ಮರ್ಯಾದೆ ಇಲ್ಲ. ಅದನ್ನು ಸೊಸೆಯೂ ಓದಿ ನಕ್ಕಳು. ಆಗ ಬೈದೆ.

ಪಟ್ಟಿ ಬಂತು. ಹೊರಗಿನಿಂದ ಬಂದ ವಸ್ತುವನ್ನು ಹೇಗೆ ಒಳಗೆ ತರಬೇಕೆಂದು ರೇಡಿಯೋದಲ್ಲಿ ದಿನವೂ ಹೇಳುತ್ತಾರೆ, ನೀವು ಕೇಳಿರಲಿಕ್ಕಿಲ್ಲ. ನಾನು ಐದನೇ ಕ್ಲಾಸು ಓದಿದವಳು. ಹೇಗೆ ಶುದ್ಧ ಮಾಡಬೇಕೋ ಹಾಗೆ ಮಾಡಿಯೇ ಮಕ್ಕಳಿಗೆ ಮುಟ್ಟಿಸಿದೆ.

ಈಗ ಕೂತುಕೊಂಡು ಓದಿ. ರಾತಾಮಾಟಾದ ಮಕ್ಕಳೆಲ್ಲ ಹಸಿರು! ಕೆಂಪು ಒಂದೂ ಇಲ್ಲ, ಹಳದಿಯೂ ಇಲ್ಲ. ಕಾರಣ ಯೋಚಿಸಿದೆ. ಅಂಗಡಿಗೆ ಬಿಸ್ಕತ್ತು, ನೂಡಲ್ಸು ಬರುತ್ತಿಲ್ಲ, ಅದು ಒಂದು. ಇಷ್ಟು ವರ್ಷ ನಾನು ಹೇಳಿದ ಬುದ್ಧಿಮಾತು ಯಾವತ್ತಾದರೂ ಫಲ ಕೊಡಬೇಕಲ್ಲ, ಅದು ಇನ್ನೊಂದು. ಗ್ರಾಮಪಾಲಿಕೆಗೆ ವರದಿ ಬರೆದು ಕಳಿಸಿದ್ದೇನೆ. ನಿಮ್ಮೂರಿನ ಸ್ಥಿತಿ ಹೇಗಿದೆ?

ಕೊಪಿಲಾ ಹಸಿರು. ನಾನೇ ನಿಂತು ನೋಡಿದೆ. ಕಣ್ಣಿಗೆ ಸ್ವಲ್ಪ ಸಣಕಲು ಕಂಡಳು, ಆದರೆ ಕಣ್ಣು ತಪ್ಪಬಹುದು, ಪಟ್ಟಿ ತಪ್ಪುವುದಿಲ್ಲ. ಐಸರಾ ಮಾತ್ರ ಅಳುತ್ತಾ, "ಮಿತ್‌ಆಮಾ, ನನ್ನ ತವರಿಗೆ ಕಳಿಸಿಬಿಡಿ" ಎಂದಳು. "ಮಗು ಹಸಿರಾಗಿದೆ, ನೀನ್ಯಾಕೆ ಹಳದಿ ಮುಖ ಮಾಡ್ಕೊಂಡಿದ್ದೀಯೆ?" ಎಂದು ಗದರಿದೆ.

ಕಾಶಿಕಲಾ ರಾವತ್


ಸಿಮ್‌ಚೌರ್, ಬೈಶಾಖ 18

ಹಸಿರು ಮಿತಿನಿಜ್ಯೂಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಅಂಗಳದಲ್ಲಿ ಕುಣಿದೆ. ನಮ್ಮ ಯಜಮಾನರು ಪಕ್ಕದ ಮನೆಯವರನ್ನು ಕರೆದು, "ಕೊರೊನಾ ತಲೆಗೂ ಏರತ್ತೇನ್ರೀ?" ಅಂತ ಕೇಳಿದರು. ಐಸರಾಳನ್ನು ಗದರಿದ್ದು ಒಳ್ಳೆಯದಾಯಿತು. ಅವಳು ಮೊದಲಿಂದಲೂ ಅಳುಬುರುಕಿ. ಮದುವೆಯಲ್ಲಿ ಅವಳು ಅತ್ತ ಜೋರಿಗೆ ವಾಲಗದವನು ಊದುವುದನ್ನೇ ನಿಲ್ಲಿಸಿದ್ದ.

ನಮ್ಮೂರು ನಿಮ್ಮೂರಲ್ಲ. ಅಕ್ಕಿ ಡಿಪೋ ಮುಚ್ಚಿದೆ, ಹೇಸರಗತ್ತೆಗಳು ಬರುತ್ತಿಲ್ಲ. ತಾಯಂದಿರ ಸಭೆಯನ್ನು ನಾನು ಮಾಳಿಗೆಗೆ ಏರಿಸಿದ್ದೇನೆ. ಅವರವರ ಮಾಳಿಗೆಯ ಮೇಲೆ ಅವರವರು, ಎಲ್ಲಕ್ಕಿಂತ ಮೇಲಿನ ಮಾಳಿಗೆಯಲ್ಲಿ ನಾನು. "ಸೋಯಾ ಹುರೀರಿ, ಮೆಕ್ಕೆಜೋಳ ಹುರೀರಿ, ಬೀಸಿ ಗಂಜಿ ಮಾಡಿ, ಮೇಲೆ ತುಪ್ಪ ಹಾಕಿ!" ಅಂತ ಕೂಗಿದೆ. ಕೆಳಗಿನ ಓಣಿಯಿಂದ ಒಬ್ಬ ಗಂಡಸು, "ತುಪ್ಪ ಎಲ್ಲಿಂದ ತರೋದು? ಅದನ್ನೂ ಕೂಗು ಕಾಕಿ!" ಅಂದ. "ನಿನ್ನ ಎಮ್ಮೆ ಹಾಲನ್ನೆಲ್ಲ ನಿನ್ನ ಟೀಗೇ ಸುರ್ಕೊಳ್ಳೋದು ಬಿಡು, ತಾನಾಗೇ ಬರತ್ತೆ!" ಅಂದೆ. ಊರೆಲ್ಲ ನಕ್ಕಿತು. ಅಂತೂ ನನ್ನ ಸಭೆಗೆ ಗಂಡಸರು ಬಂದದ್ದು ಇದೇ ಮೊದಲು.

ಸೀತಲಿಯ ಮಗ ಕರ್ಣೆ ಮಾತ್ರ ಕೆಂಪು. ಪಟ್ಟಿಯೇ ಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಆರೋಗ್ಯ ಚೌಕಿ ಇರುವುದು ನಿಮ್ಮ ದಡದಲ್ಲಿ. ಸೊರಗಿದ ಮಕ್ಕಳಿಗೆ ಕೊಡುವ ಕಡಲೆಕಾಯಿ ಲೇಹದ ಪೊಟ್ಟಣ ಉಳಿದಿದ್ದರೆ ಕಳಿಸಿ. ಹಸಿರು ಊರಿನವರು ಕೊಡಬೇಕು, ಕೆಂಪು ಊರಿನವರು ಕೈ ಚಾಚಬೇಕು.

ಧನಸರಾ


ರಾತಾಮಾಟಾ, ಜೇಠ 2

ಮಿತಿನಿಜ್ಯೂಗೆ ನಮಸ್ಕಾರ.

ಆರೋಗ್ಯ ಚೌಕಿಯ ಡಾಕ್ಟರ್ ಬಾಬು ಹಬ್ಬಕ್ಕೆಂದು ಕೆಳಗಿನ ಬಯಲಿನ ತಮ್ಮ ಊರಿಗೆ ಹೋದವರು ಅಲ್ಲೇ ಉಳಿದರು. ಬೀಗದಕೈ ನನ್ನ ಸೊಂಟದಲ್ಲಿದೆ. ಹೊಸ ಸರಕು ಯಾವಾಗ ಬರುತ್ತದೋ ಯಾರಿಗೂ ತಿಳಿಯದು. ಇದ್ದ ಲೇಹವನ್ನೆಲ್ಲ ನಿಮಗೇ ಕಳಿಸಿದ್ದೇನೆ. ಒಂದು ಪೊಟ್ಟಣವನ್ನೂ ಇಟ್ಟುಕೊಂಡಿಲ್ಲ. ಹಸಿರು ಊರಿಗೆ ಅದು ಯಾಕೆ ಬೇಕು? ನಿಮ್ಮ ಪಟ್ಟಿಯೂ ಜೊತೆಗಿದೆ.

ಪಾಲಿಕೆಯ ಆರೋಗ್ಯಾಧಿಕಾರಿ ರೇಡಿಯೋದಲ್ಲಿ ರಾತಾಮಾಟಾವನ್ನು ಮಾದರಿ ಗ್ರಾಮ ಎಂದರು. ನನ್ನ ಹೆಸರನ್ನೂ ಹೇಳಿದರು. ನಿಮ್ಮ ರೇಡಿಯೋದಲ್ಲಿ ಆ ದಿನ ಬ್ಯಾಟರಿ ಇತ್ತೇ?

ಕೊಪಿಲಾಗೆ ಭೇದಿಯಾಗಿತ್ತು. ಜೀವನಜಲದ ಪುಡಿ ಕದಡಿ ಕುಡಿಸಿದೆ, ನಿಂತಿತು. ಈಗ ಬಹಳ ಒಳ್ಳೆಯ ಮಗು. ಅಳುವುದೇ ಇಲ್ಲ, ಇಟ್ಟಲ್ಲಿ ಇರುತ್ತಾಳೆ. ಪುಣ್ಯಕ್ಕೆ ಅಜ್ಜಿಯ ಗುಣ ಬಂದಿಲ್ಲ.

ಕಾಶಿಕಲಾ ರಾವತ್, ಮಾದರಿ ಗ್ರಾಮ


ಸಿಮ್‌ಚೌರ್, ಜೇಠ 8

ಮಿತಿನಿಜ್ಯೂ, ನಮಸ್ಕಾರ ಆಮೇಲೆ ಹೇಳುತ್ತೇನೆ.

ಪಟ್ಟಿ ಕೈಗೆ ಬಂದ ಕೂಡಲೇ ಕರ್ಣೆಗೆ ಸುತ್ತಿಸಿದೆ. "ಹಸಿರು ಕಾಕಿ!" ಅಂತ ಸೀತಲಿ ಕೂಗಿದಳು. ಬೆನ್ನಿನ ಮೂಳೆ ಎದ್ದು ಕಾಣುವ ಮಗು ಹಸಿರು! "ಸರಿಯಾಗಿ ನೋಡೇ" ಅಂದೆ. "ಬಣ್ಣ ಗೊತ್ತಾಗಲ್ವಾ ನಂಗೆ? ನೀನು ಹಾಕಿರೋ ಚೋಲಿ ಕೆಂಪು, ಇದು ಹಸಿರು" ಅಂದಳು.

ಮನೆಗೆ ಬಂದು ಒನಕೆ ತೆಗೆದೆ. ತಾಯಂದಿರಿಗೆ ಪಾಠ ಹೇಳುವಾಗ ನಾನು ತೋರಿಸುವುದೇ ಅದರ ಹಿಡಿಯನ್ನು. ತೋಳು ಇಷ್ಟು ಸಣ್ಣ ಆದರೆ ಕೆಂಪು, ಓಡಿ ಬನ್ನಿ ಅಂತ. ಯಾವಾಗ ಪಟ್ಟಿ ಸುತ್ತಿದರೂ ಅದು ಕೆಂಪಿನ ಗೆರೆಗೇ ಬಂದು ನಿಲ್ಲುತ್ತಿತ್ತು. ಇವತ್ತು ಸುತ್ತಿದರೆ ಒನಕೆಗೂ ಹಸಿರು! ಲಾಕ್‌ಡೌನಿನಲ್ಲಿ ನಾವೆಲ್ಲ ಬಡಕಲಾದೆವು, ನಮ್ಮ ಒನಕೆ ಮಾತ್ರ ಮೈ ತುಂಬಿಕೊಂಡಿತೇ? ಅದು ತಿಂದದ್ದಾದರೂ ಏನು?

ಪಟ್ಟಿ ಕುಗ್ಗಿದೆ ಮಿತಿನಿಜ್ಯೂ, ಸಣ್ಣ ತೋಳನ್ನೂ ದಪ್ಪ ಅನ್ನುತ್ತಿದೆ. ಏನು ಮಾಡಿದಿರಿ ಅದಕ್ಕೆ?

ನಿಮ್ಮೂರಿನ ಹಸಿರು ಹಸಿರಲ್ಲ. ಕೊಪಿಲಾ ಹಸಿರಲ್ಲ. ಅಳದ ಮಗು ಒಳ್ಳೆಯ ಮಗು ಅಂತ ಬರೆದಿದ್ದೀರಿ. ಅಳುವುದಕ್ಕೆ ತ್ರಾಣವಿಲ್ಲದ ಮಗು ಅದು. ಲೇಹವೆಲ್ಲ ನನ್ನ ಮನೆಯಲ್ಲಿದೆ, ಮಗು ನಿಮ್ಮ ದಡದಲ್ಲಿದೆ. ಈಗಲೇ ಬುಟ್ಟಿಗೆ ಹಾಕಿಸುತ್ತೇನೆ.

ಸೇತುವೆಗೆ ಹೋಗಿ ಬಂದೆ. ಇಂಡಿಯಾದಿಂದ ಜನ ವಾಪಸು ಬರುತ್ತಿದ್ದಾರೆ ಅಂತ ನಿಮ್ಮವರು ಹೆದರಿ ಹಗ್ಗವನ್ನೇ ಬಿಚ್ಚಿಕೊಂಡಿದ್ದಾರೆ. ಬುಟ್ಟಿ ನಿಂತಿದೆ. "ಮುಂದಿನ ತಿಂಗಳು ನೋಡೋಣ ಕಾಕಿ" ಅಂತಾನೆ ಲಾಲ್‌ಬೀರ್. ಮುಂದಿನ ತಿಂಗಳು!

ಈ ಕಾಗದ ನಾನೇ ತರುತ್ತೇನೆ. ಹೇಗೆ ಅಂತ ಕೇಳಬೇಡಿ, ನಿಮಗೆ ಸಿಟ್ಟು ಬರುತ್ತದೆ.

ಧನಸರಾ


ರಾತಾಮಾಟಾ ಶಾಲೆ, ಎರಡನೇ ಕ್ಲಾಸಿನ ಕೋಣೆ, ಜೇಠ 9

ಮಿತಿನಿಜ್ಯೂಗೆ ನಮಸ್ಕಾರ, ನಿನ್ನೆಯದೂ ಸೇರಿಸಿ.

ನೀವು ಸತ್ತಿದ್ದೀರಿ. ಕ್ಷಮಿಸಿ. ನಮ್ಮ ದಡದಲ್ಲಿ ಮಾತ್ರ.

ಬೇರೆ ದಾರಿ ಇರಲಿಲ್ಲ. ಮದುವೆ ಅಂದರೆ ಬಿಡುವುದಿಲ್ಲ, ಕಾಯಿಲೆ ಅಂದರೆ ಇನ್ನೂ ಬಿಡುವುದಿಲ್ಲ. ಆದರೆ ಮಿತಿನಿ ಸತ್ತರೆ ಮಿತಿನಿ ಸೂತಕಕ್ಕೆ ಹೋಗಲೇಬೇಕು, ತಡೆದವನಿಗೆ ಪಾಪ. ಕರ್ಣೆಯ ಪಾಲಿನ ಲೇಹವನ್ನು ಸೀತಲಿಗೆ ಕೊಟ್ಟೆ. ಉಳಿದ ಪೊಟ್ಟಣಗಳನ್ನು ಸೊಂಟದ ಸುತ್ತ ಬಟ್ಟೆಯಲ್ಲಿ ಬಿಗಿದುಕೊಂಡೆ. ತಲೆ ಕೆದರಿಕೊಂಡು, ಎದೆ ಬಡಿದುಕೊಂಡು ಸೇತುವೆಗೆ ಬಂದೆ.

"ಯಾರು ಹೋದ್ರು ಕಾಕಿ?" ಅಂದ ಲಾಲ್‌ಬೀರ್.

"ನನ್ನ ಮಿತಿನಿ ಕಣೋ! ಚಿನ್ನದಂಥ ಮಿತಿನಿ!"

"ಅಯ್ಯೋ, ಆ ಬಾಯಿ ಜೋರಿನವ್ರಾ?"

"ಸತ್ತವರನ್ನ ಹಾಗನ್ನಬಾರ್ದು. ಆದ್ರೆ ಹೌದು, ಅವರೇ."

"ಫೋನಿಲ್ಲ, ಬುಟ್ಟಿ ಇಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

"ಇವತ್ತು ಬೆಳಗಿಂದ ಅವರು ಅಂಗಳದಲ್ಲಿ ಕೈ ಬೀಸಿದ್ದು ಕಾಣ್ಲಿಲ್ಲ ಕಣೋ..."

ಅವನು ಮುಳ್ಳು ಸರಿಸಿದ. ನಿಮ್ಮ ಕೈಯ ಕೀರ್ತಿ ಅಂಥದ್ದು. "ಲಾಕ್‌ಡೌನಲ್ಲಿ ಸೊಂಟ ಚೆನ್ನಾಗಿ ಬಂದಿದೆ ಕಾಕಿ" ಅಂದ. "ದುಃಖಕ್ಕೆ ಊದಿದೆ" ಅಂದೆ.

ಈ ತುದಿಯಲ್ಲಿ ನಿಮ್ಮ ಕಾವಲಿನ ಚಂದ್ರೆ ಕೋಲು ಅಡ್ಡ ಹಿಡಿದ.

"ನಿಲ್ಲು! ಎಲ್ಲಿಗೆ?"

"ನನ್ನ ಮಿತಿನಿ ಕಾಶಿಕಲಾ ಸತ್ತುಹೋದರಲ್ಲೋ!"

"ಯಾವಾಗ? ದಾರೀಲಿ ಉಗುಳಿದ್ದಕ್ಕೆ ಈಗ ತಾನೇ ನನ್ನ ಜನ್ಮ ಜಾಲಾಡಿ ಹೋದ್ರು!"

"ಬದುಕಿದ್ದಾರಾ? ಹಾಗಾದ್ರೆ ಸಂತೋಷ ಹೇಳಿ ಬರ್ತೀನಿ, ಬಿಡು."

ಬಿಡಲಿಲ್ಲ. ವಾಪಸು ಅಟ್ಟೋಣ ಅಂದರೆ, ಸೂತಕದ ಮನೆಗೆ ಹೊರಟವಳನ್ನು ಲಾಲ್‌ಬೀರ್ ಒಳಗೆ ಸೇರಿಸುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಕೂಡಿಹಾಕಿದ್ದಾನೆ, ಕ್ವಾರಂಟೈನ್ ಅಂತೆ. ಎರಡನೇ ಕ್ಲಾಸು. ನಾನು ಇಷ್ಟು ದೊಡ್ಡ ಕ್ಲಾಸಿಗೆ ಬಂದದ್ದು ಇದೇ ಮೊದಲು.

ಎರಡೂ ಕಾಗದ ಚಂದ್ರೆಯ ಕೈಲಿ ಕಳಿಸಿದ್ದೇನೆ, ಪೊಟ್ಟಣಗಳು ಕಿಟಕಿಯ ಹೊರಗಿವೆ, ಒರೆಸಿ ತೆಗೆದುಕೊಂಡು ಹೋಗಿ. ಜೊತೆಗೆ ಒಂದು ದಾರವಿದೆ, ಒನಕೆಯ ಹಿಡಿಗೆ ಸುತ್ತಿ ಕತ್ತರಿಸಿದ್ದು. ಅದನ್ನು ಮಗುವಿನ ತೋಳಿಗೆ ಸುತ್ತಿ. ತುದಿಗಳು ಸೇರಿದರೆ ಕೆಂಪು. ಸೇರದೆ ನಡುವೆ ಚರ್ಮ ಕಂಡರೆ ಕೆಂಪು ದಾಟಿದಳು ಅಂತ. ಓಡಿ ಮಿತಿನಿಜ್ಯೂ. ನನ್ನನ್ನು ಬೈಯುವುದು ಆಮೇಲೆ.

ಧನಸರಾ


ರಾತಾಮಾಟಾ, ಜೇಠ 11

ಮಿತಿನಿಜ್ಯೂಗೆ,

ನಿನ್ನೆ ನಿಮ್ಮೂರಿನ ಹೆಂಗಸರು ಹೊಳೆಯ ದಡಕ್ಕೆ ಬಂದು ನನಗಾಗಿ ಅತ್ತರು. ಬದುಕಿದ್ದೇನೆ ಎಂದು ತೋರಿಸಲು ಮಾಳಿಗೆ ಹತ್ತಿ ಎರಡೂ ಕೈ ಬೀಸಿದೆ. ಚಪ್ಪಲಿ ಬಿಟ್ಟು ಓಡಿಹೋದರು. ಇದನ್ನು ನಾನು ಮುಂದಿನ ಜನ್ಮದಲ್ಲೂ ಮರೆಯುವುದಿಲ್ಲ.

ಪಟ್ಟಿಯನ್ನು ಕುದಿಸಿದೆ. ಬೇಳೆಯ ಪಾತ್ರೆಯಲ್ಲಿ, ಶುದ್ಧಿಗೆಂದು ತೀತೆಪಾತಿ ಸೊಪ್ಪು ಹಾಕಿ, ಬೇಳೆ ಬೇಯುವಷ್ಟು ಹೊತ್ತು. ಸುರುಟಿಕೊಂಡಿತು. ಕಲ್ಲು ಹೇರಿ ನೇರ ಮಾಡಿದೆ. ಇದಕ್ಕಿಂತ ಹೆಚ್ಚು ಕೇಳಬೇಡಿ.

ದಾರದ ತುದಿಗಳು ಸೇರಿದವು. ಸೇರಿ, ಒಂದರ ಮೇಲೊಂದು ಹೋದವು. ಐಸರಾ ದಾರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಲೇಹ ಬಾಯಿಗಿಟ್ಟರೆ ಕೊಪಿಲಾ ತುಟಿ ಬಿಗಿಯುತ್ತಾಳೆ. ನಾಲಿಗೆಗೆ ಸವರಿದೆ, ಹೊರಗೆ ತಳ್ಳಿದಳು. ನಿಮ್ಮ ಬೀಗಿತ್ತಿ, "ಮಗು ಒಲ್ಲೆ ಅಂದ್ರೆ ನಂಗೆ ಕೊಡಿ, ಮಂಡಿನೋವಿಗೆ ಆಗತ್ತೆ" ಎಂದರು. ಜಿಲ್ಲಾ ಕೇಂದ್ರದಲ್ಲಿ ಸೊರಗಿದ ಮಕ್ಕಳನ್ನು ಇಟ್ಟುಕೊಳ್ಳುತ್ತಿದ್ದ ಮನೆ ಈಗ ಕೊರೊನಾ ವಾರ್ಡಂತೆ, ಅಲ್ಲಿಗೂ ಒಯ್ಯುವಂತಿಲ್ಲ. ಏನು ಮಾಡಲಿ ಹೇಳಿ. ಬೇಗ ಹೇಳಿ.

ಕಾಶಿಕಲಾ


ಶಾಲೆ, ಅದೇ ದಿನ

ಮಿತಿನಿಜ್ಯೂ,

ಇವತ್ತು ತಮಾಷೆ ಬರುತ್ತಿಲ್ಲ. ಕರಿಹಲಗೆಯ ಮೇಲೆ ಮೇಷ್ಟರು ಅರ್ಧ ಬಿಟ್ಟುಹೋದ ಲೆಕ್ಕವೊಂದಿದೆ, ಅದನ್ನೇ ನೋಡುತ್ತಾ ಕೂತಿದ್ದೇನೆ.

ಐಸರಾಳನ್ನು ಕೇಳಿ, ನೀನು ಊಟ ಮಾಡಿದ್ಯಾ ಅಂತ. ಬೀಗಿತ್ತಿಯ ಮುಂದೆ ಕೇಳಬೇಡಿ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳಕ್ಕೆ ಅಂಟಿದ್ದಷ್ಟೇ ಅವಳ ಪಾಲು. ತಾಯಿಯ ಹೊಟ್ಟೆಗಿಲ್ಲ, ಎದೆಯಲ್ಲಿ ಹಾಲಿಲ್ಲ. ಅವಳು ಅತ್ತು ತವರು ಕೇಳಿದ್ದು ಅದಕ್ಕೆ. ನಾನು ವಾಲಗದವನ ಕಥೆ ಹೇಳಿ ನಕ್ಕೆ.

ನನ್ನ ಮನೆಗೆ ಅವಳು ಬರುವಂತಿಲ್ಲ. ಆದರೆ ನೀವು ಅವಳ ಎರಡನೇ ತಾಯಿ, ಮಿತ್‌ಆಮಾ. ನಿಮ್ಮ ಮನೆಯೂ ಅವಳಿಗೆ ತವರೇ ಅಲ್ಲವೇ? ಇಬ್ಬರನ್ನೂ ಕರೆದುಕೊಂಡು ಹೋಗಿ. ಮೊದಲು ಐಸರಾ ಹೊಟ್ಟೆ ತುಂಬ ಉಣ್ಣಲಿ. ಮಗುವಿಗೆ ಮೊದಲು ಎದೆ ಕೊಡಲಿ, ಆಮೇಲೆ ತನ್ನ ಬೆರಳಿನಿಂದ ಚೂರೇ ಚೂರು ಲೇಹ, ನಡುನಡುವೆ ನೀರು. ಉಗುಳಿದರೆ ಇನ್ನೊಮ್ಮೆ. ಮತ್ತೆ ಉಗುಳಿದರೆ ಮತ್ತೊಮ್ಮೆ.

ಧನಸರಾ


ರಾತಾಮಾಟಾ, ಜೇಠ 13

ಮಿತಿನಿಜ್ಯೂಗೆ ನಮಸ್ಕಾರ.

ನಿಮ್ಮ ಬೀಗಿತ್ತಿಯ ಅಂಗಳದಲ್ಲಿ ಜಗಳವಾಯಿತು. ನಿಮಗೆ ಕೈ ಬೀಸುವುದಾದರೂ ಕಂಡಿದ್ದರೆ ಖುಷಿಪಡುತ್ತಿದ್ದಿರಿ.

"ನನ್ನ ಸೊಸೇನ ಎಲ್ಲಿಗೆ ಕರ್ಕೊಂಡ್ ಹೊರಟ್ರಿ?" ಎಂದರು.

"ತವರಿಗೆ."

"ಅವಳ ತವರು ಹೊಳೆಯಾಚೆ ಇದೆ!"

"ಈಚೆಗೂ ಒಂದಿದೆ. ನೀಲಿ ಬಾಗಿಲಿನ ಮನೆ, ನಂದೇ."

"ಯಾವ ನೆಂಟಸ್ತಿಕೆ ಮೇಲೆ?"

"ನಾನು ಬದುಕಿರುವಾಗಲೇ ಅವಳ ತಾಯಿ ನನಗೆ ಸೂತಕ ಹಿಡಿದಿದ್ದಾಳೆ. ಇದಕ್ಕಿಂತ ಹೆಚ್ಚಿನ ನೆಂಟಸ್ತಿಕೆ ಬೇಕಾ?"

ಐಸರಾ ಮಗುವನ್ನೆತ್ತಿಕೊಂಡು ನನ್ನ ಹಿಂದೆ ಬಂದಳು.

ಐಸರಾ ಎರಡು ಸಲ ಢಿಂಡೋ ಮುದ್ದೆ ಹಾಕಿಸಿಕೊಂಡು ಉಂಡಳು. ಮೂರನೆಯ ಸಲ ನಾನೇ ಹಾಕಿದೆ. ಕೊಪಿಲಾ ನಿನ್ನೆ ಇಡೀ ದಿನ ಉಗುಳಿದಳು. ಇವತ್ತು ಮಧ್ಯಾಹ್ನ ಐಸರಾಳ ಬೆರಳನ್ನು ಬಾಯಿಂದ ಬಿಡಲಿಲ್ಲ. ಇಷ್ಟೇ ಸುದ್ದಿ. ನನಗೆ ಬರೆಯಲು ಆಗುತ್ತಿಲ್ಲ, ಸೊಸೆ ಪಕ್ಕದಲ್ಲಿ ನಿಂತು "ಅತ್ತೆ, ಮೂಗು ಒರೆಸ್ಕೊಳ್ಳಿ" ಅನ್ನುತ್ತಿದ್ದಾಳೆ.

ಕಾಶಿಕಲಾ


ರಾತಾಮಾಟಾ, ಅಸಾರ 15

ಮಿತಿನಿಜ್ಯೂಗೆ ನಮಸ್ಕಾರ.

ಹಗ್ಗ ಮತ್ತೆ ಕಟ್ಟಿದ್ದಾರೆ. ಬುಟ್ಟಿಯಲ್ಲಿ ಬರುತ್ತಿರುವ ಮೊದಲ ಕಾಗದ ಇದು. ನೀವು ಕ್ವಾರಂಟೈನ್ ಮುಗಿಸಿ ಆಚೆ ಹೋದಾಗ ಲಾಲ್‌ಬೀರ್ ಸೂತಕ ಕಳೆಯಲೆಂದು ನಿಮ್ಮನ್ನು ಹೊಳೆಯಲ್ಲಿ ಮುಳುಗಿಸಿ ತೆಗೆದದ್ದನ್ನು ನಾನು ಮಾಳಿಗೆಯಿಂದ ನೋಡಿದೆ. ನೀರು ಬಹಳ ತಣ್ಣಗಿತ್ತೇ? ಸಂತೋಷ.

ಊರಿನ ಮಕ್ಕಳನ್ನೆಲ್ಲ ನಿಮ್ಮ ದಾರದಿಂದ ಮತ್ತೆ ಅಳೆದೆ. ಕೆಂಪು ಸಿಕ್ಕವು, ಒಂದೆರಡಲ್ಲ. ನಿಜ ವರದಿ ಹಿಡಿದು ಪಾಲಿಕೆಗೆ ಹತ್ತಿ ಹೋದೆ. ಅಧಿಕಾರಿ ತಲೆ ಮೇಲೆ ಕೈ ಹೊತ್ತುಕೊಂಡ. "ಅಮ್ಮಾ, ಮಾದರಿ ಗ್ರಾಮಾನ ಯಾಕಮ್ಮಾ ಹಾಳ್ಮಾಡ್ತೀರಾ? ರೇಡಿಯೋದಲ್ಲಿ ಹೇಳಾಗಿದೆ."

"ರೇಡಿಯೋದಲ್ಲೇ ತಪ್ಪಾಯ್ತು ಅನ್ನಿ. ಬೇಕಾದ್ರೆ ನನ್ನ ಹೆಸರನ್ನ ಇನ್ನೊಂದ್ಸಲ ಓದಿ, ಪಟ್ಟಿ ಕುದಿಸಿದವಳು ಅಂತ."

ಓದಿದರು. ನೀವು ಕೇಳಿರುತ್ತೀರಿ, ಆ ದಿನ ಮಾತ್ರ ನಿಮ್ಮ ರೇಡಿಯೋದಲ್ಲಿ ಬ್ಯಾಟರಿ ಇದ್ದೇ ಇರುತ್ತದೆ. ಲೇಹ ಹೊತ್ತ ಹೇಸರಗತ್ತೆಗಳು ನಿನ್ನೆ ಬಂದವು. ನಿಮ್ಮ ಕರ್ಣೆಯ ಪಾಲನ್ನು ಬುಟ್ಟಿಗೆ ಹಾಕಿಸಿದ್ದೇನೆ.

ಇವತ್ತು ನಾಟಿಯ ದಿನವಲ್ಲವೇ, ಮೊಸರು ಅವಲಕ್ಕಿ ಕಲಸಿದ್ದೆ. ಐಸರಾ ಬೀಗಿತ್ತಿಯ ಮನೆಯವರನ್ನೂ ಕರೆದಳು. ಬಂದರು, ಚೆನ್ನಾಗಿಯೇ ಉಂಡರು. ಆಮೇಲೆ ಎಲ್ಲರ ಎದುರಿಗೆ ಕೊಪಿಲಾಳ ತೋಳಿಗೆ ದಾರ ಸುತ್ತಿದೆ. ಒಂದು ತುದಿ ನಾನು ಹಿಡಿದೆ, ಒಂದು ತುದಿ ಐಸರಾ. ಎಳೆದೆವು, ಸೇರಲಿಲ್ಲ. ಐಸರಾ "ಇನ್ನೊಂದ್ಸಲ ನೋಡಿ ಮಿತ್‌ಆಮಾ" ಅಂದಳು. ಇನ್ನೊಮ್ಮೆ ಎಳೆದೆವು. ಕೊಪಿಲಾ ಊರಿಗೆಲ್ಲ ಕೇಳಿಸುವಂತೆ ಕಿರುಚಿ ನನ್ನ ಕೈ ಕಚ್ಚಿದಳು. ದಾರದ ತುದಿಗಳ ನಡುವೆ ಕಾಳಿನಗಲ ಚರ್ಮ ಕಾಣುತ್ತಿತ್ತು.

ಹಸಿರು ಅಂತ ಬರೆಯುವುದಿಲ್ಲ ಮಿತಿನಿಜ್ಯೂ. ಹಳದಿ. ಕೆಂಪಿಗೆ ತಾಗಿದ ಹಳದಿ. ಇಷ್ಟು ಚಂದದ ಬಣ್ಣವನ್ನು ನಾನು ಇದುವರೆಗೆ ಬರೆದಿರಲಿಲ್ಲ.

ನಿಮ್ಮ ಮಿತಿನಿ
ಕಾಶಿಕಲಾ